ಕಾಲು ಸೆಕೆಂಡಿಗೆ ಒಂದು ಮೊಳ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ. ಪಿಯುಸಿಗೆ ಸೇರುವುದೋ, ಡಿಪ್ಲೊಮಾ ಮಾಡುವುದೋ, ಐಟಿಐ ಸಾಕೋ? ಟರ್ನರ್, ಫಿಟ್ಟರ್, ಮೆಷಿನಿಸ್ಟ್, ಟೂಲ್ ಅಂಡ್ ಡೈ ಮೇಕರ್ ಎಂದೆಲ್ಲ ಹೆಸರುಗಳು ಕಿವಿಗೆ ಬೀಳುತ್ತವೆ. ಹಾಸನ, ತುಮಕೂರು, ಕೋಲಾರ, ರಾಯಚೂರಿನ ಹುಡುಗರು ಕೋರ್ಸ್ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಪ್ಪ, ಅಮ್ಮ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಸಂಬಳ ಎಷ್ಟು? ಓಟಿ ಕೊಡುತ್ತಾರೆಯೇ? ಊಟಕ್ಕೆ, ಇರುವುದಕ್ಕೆ ಏನು ವ್ಯವಸ್ಥೆ? ಮೂರೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾಲ್ಕನೆಯದೊಂದಿದೆ, ಅದನ್ನು ಕೇಳುವವರು ಕಡಿಮೆ. 'ನೀನು ಕೆಲಸ ಮಾಡುವ ಮೆಷಿನ್ನಿಗೆ ಗಾರ್ಡ್ ಇದೆಯೇನಪ್ಪಾ?'

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೆಸರಾದ ಕೈಯನ್ನು ತೊಳೆದುಕೊಳ್ಳಬಹುದು. ಲೋಹ ಕತ್ತರಿಸುವ ಯಂತ್ರಕ್ಕೆ ಸಿಕ್ಕ ಕೈಯ ಕಥೆ ಬೇರೆ. ಈ ವಾರ ಆ ಕೈಯ ವಿಚಾರ.

ಯಂತ್ರಗಳನ್ನು ಹಡೆಯುವ ಯಂತ್ರ

ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ. 2014ರಿಂದ ಈ ದಾರಿಯಲ್ಲಿ ಮೆಟ್ರೊ ಓಡುತ್ತಿದೆ. ರೈಲಿನ ಕಿಟಕಿಯಿಂದ ನೋಡಿದರೆ ಶೀಟಿನ ಛಾವಣಿಗಳು ಸಾಲು ಸಾಲಾಗಿ ಕಾಣುತ್ತವೆ. ಆ ಒಂದೊಂದು ಛಾವಣಿಯ ಕೆಳಗೂ ಒಂದೊಂದು ಲೋಕ. ಒಂದು ಕಡೆ ಸ್ಕೂಟರಿನ ಗೇರಿಗೆ ಬೇಕಾದ ಶಾಫ್ಟು, ಇನ್ನೊಂದು ಕಡೆ ಪಂಪಿನ ಬುಷ್, ಮತ್ತೊಂದು ಕಡೆ ಸ್ವಿಚ್ಚಿನೊಳಗಿನ ಹಿತ್ತಾಳೆ ತುಣುಕು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹವಾನಿಯಂತ್ರಿತ ಕೋಣೆಗಳಲ್ಲಿ ಕಂಪ್ಯೂಟರುಗಳನ್ನು ಜೋಡಿಸಿಟ್ಟ ಉಕ್ಕಿನ ಚೌಕಟ್ಟು ಕೂಡ ಇಂಥದೇ ಯಾವುದೋ ಶೆಡ್ಡಿನಲ್ಲಿ ಕತ್ತರಿಸಿ, ತೂತು ಕೊರೆದು, ಬಗ್ಗಿಸಿ ಮಾಡಿದ್ದು.

ಈ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿ 1941ರಲ್ಲಿ ಶುರುವಾಯಿತು; ಅಲ್ಲಿ ತಯಾರಾದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳನ್ನು ಸೇರಿದವು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಯೋಗದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಎಚ್‌ಎಂಟಿ ಎಂದರೆ ಕೈಗಡಿಯಾರ ಎಂದುಕೊಂಡವರೇ ಹೆಚ್ಚು. ಆದರೆ ಅದರ ಪೂರ್ಣ ಹೆಸರು ಹಿಂದೂಸ್ಥಾನ್ ಮೆಷಿನ್ ಟೂಲ್ಸ್. ಗಡಿಯಾರ ಬಂದದ್ದು ಆಮೇಲೆ, ಮೊದಲು ಬಂದದ್ದು ಲೇತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಬಂತು. ಇಂದು ಅದಕ್ಕೆ ಸಿಎಂಟಿಐ ಎಂದು ಹೆಸರು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಇವೆಲ್ಲದರ ಬೆನ್ನಿಗೇ ಪೀಣ್ಯ ಬೆಳೆಯಿತು.

ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್, ಗ್ರೈಂಡಿಂಗ್, ಪ್ರೆಸ್ - ಇವುಗಳನ್ನು ತಾಯಿ ಯಂತ್ರಗಳು ಎನ್ನುತ್ತಾರೆ. ಬೇರೆಲ್ಲ ಯಂತ್ರಗಳ ಭಾಗಗಳು ಹುಟ್ಟುವುದು ಇವುಗಳಲ್ಲಿ. ಉಕ್ಕನ್ನು ಬೆಣ್ಣೆಯಂತೆ ಕೆರೆಯುವ ಶಕ್ತಿ ಇವಕ್ಕಿದೆ. ಉಕ್ಕಿಗೂ ಬೆರಳಿಗೂ ವ್ಯತ್ಯಾಸ ತಿಳಿಯುವ ಶಕ್ತಿ ಮಾತ್ರ ಇಲ್ಲ. ಅದನ್ನು ನಾವೇ ಹೊರಗಿನಿಂದ ಒದಗಿಸಬೇಕು.

ಮನೆಯಲ್ಲೇ ಮಾಡಿ ನೋಡಿ

'ಹುಷಾರಾಗಿದ್ದರೆ ಏನೂ ಆಗುವುದಿಲ್ಲ' ಎಂಬುದು ವರ್ಕ್‌ಶಾಪಿನಲ್ಲಿ ತಿರುತಿರುಗಿ ಕೇಳುವ ಮಾತು. ಈ ಮಾತು ಎಷ್ಟು ನಿಜ? ಪರೀಕ್ಷಿಸಲು ಒಂದು ಅಳತೆಪಟ್ಟಿ ಸಾಕು.

30 ಸೆಂಟಿಮೀಟರಿನ ಸ್ಕೇಲನ್ನು ನಿಮ್ಮ ತಂಗಿಯೋ ತಮ್ಮನೋ ಮೇಲ್ತುದಿಯಲ್ಲಿ ಹಿಡಿದು ಲಂಬವಾಗಿ ತೂಗುಬಿಡಲಿ. ಕೆಳತುದಿಯ ಎರಡೂ ಬದಿಗೆ ನಿಮ್ಮ ಹೆಬ್ಬೆರಳು, ತೋರುಬೆರಳು ಮುಟ್ಟದಂತೆ ಇರಲಿ. ಅವರು ಹೇಳದೆ ಕೇಳದೆ ಕೈಬಿಡಬೇಕು, ನೀವು ಹಿಡಿಯಬೇಕು. ಹೆಚ್ಚಿನವರಿಗೆ ಸ್ಕೇಲು ಸಿಗುವುದು 15ರಿಂದ 25 ಸೆಂಟಿಮೀಟರು ಜಾರಿದ ಮೇಲೆಯೇ. ಬಿದ್ದ ದೂರ ಎಂದರೆ ಗುರುತ್ವ ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿದ್ದರ ಅರ್ಧ, ಅಲ್ಲವೇ? ಲೆಕ್ಕ ಹಾಕಿ. 20 ಸೆಂಟಿಮೀಟರ್ ಜಾರಿದ್ದರೆ ನೀವು ತೆಗೆದುಕೊಂಡ ಕಾಲ ಸೆಕೆಂಡಿನ ಐದನೇ ಒಂದು ಭಾಗ. ಸ್ಕೇಲು ಪೂರ್ತಿ ಜಾರಿಹೋಗಿದ್ದರೆ ನಿಮಗೆ ಕಾಲು ಸೆಕೆಂಡೂ ಸಾಲಲಿಲ್ಲ ಎಂದರ್ಥ. ಕಣ್ಣು ಕಂಡು, ಮಿದುಳು ಅರಿತು, ಕೈಗೆ ಆಜ್ಞೆ ಹೋಗಿ, ಬೆರಳು ಕದಲಲು ಇಷ್ಟು ಹೊತ್ತು ಬೇಕೇ ಬೇಕು. ಅದೂ ನೀವು ಕಾದು ಕುಳಿತಿದ್ದಾಗ! ಮನಸ್ಸು ಬೇರೆಡೆ ಇದ್ದಾಗ, ರಾತ್ರಿ ಪಾಳಿಯ ಕೊನೆಯಲ್ಲಿ, ಇನ್ನೂ ಹೆಚ್ಚು.

ಈಗ ಲೇತಿನ ಕಡೆ ಬನ್ನಿ. 50 ಮಿಲಿಮೀಟರ್ ದಪ್ಪದ ಉಕ್ಕಿನ ಸರಳು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಇದು ಲೇತಿಗೆ ದೊಡ್ಡ ವೇಗವೇನಲ್ಲ. ಸೆಕೆಂಡಿಗೆ ಹತ್ತು ಸುತ್ತು. ಸರಳಿನ ಸುತ್ತಳತೆ ಸುಮಾರು 15.7 ಸೆಂಟಿಮೀಟರ್. ಅಂದರೆ ಅದರ ಮೈ ಸೆಕೆಂಡಿಗೆ ಒಂದೂವರೆ ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿದೆ. ಅಂಗಿಯ ತೋಳಿನ ಒಂದು ಎಳೆ ಅದಕ್ಕೆ ಸುತ್ತಿಕೊಂಡಿತೆನ್ನಿ. ನಿಮಗೆ ಅರಿವಾಗುವ ಕಾಲು ಸೆಕೆಂಡಿನೊಳಗೆ ಸರಳು ಎರಡೂವರೆ ಸುತ್ತು ತಿರುಗಿ 39 ಸೆಂಟಿಮೀಟರ್ ಬಟ್ಟೆಯನ್ನು ಎಳೆದುಕೊಂಡಾಗಿರುತ್ತದೆ. ಬೆರಳ ತುದಿಯಿಂದ ಮೊಣಕೈವರೆಗಿನ ಒಂದು ಮೊಳ ಎಂದರೆ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಹುಷಾರು ಎಂಬುದು ಎಲ್ಲಿ ಉಳಿಯಿತು? ಜಾಣನಾಗಲಿ ದಡ್ಡನಾಗಲಿ, ಹೊಸಬನಾಗಲಿ ಇಪ್ಪತ್ತು ವರ್ಷದ ಅನುಭವಿಯಾಗಲಿ, ಎಲ್ಲರ ನರಗಳ ವೇಗವೂ ಸುಮಾರು ಒಂದೇ. ಗಾರ್ಡ್ ಇರುವುದು ಅಜಾಗರೂಕರಿಗಾಗಿ ಎಂದು ತಿಳಿದರೆ ತಪ್ಪು. ಅದು ಇರುವುದು ನರಮಂಡಲ ಇರುವ ಎಲ್ಲರಿಗಾಗಿ.

ಗ್ಲೌಸ್ ಹಾಕಿದರೆ ಅಪಾಯ!

ಇಲ್ಲೊಂದು ವಿಚಿತ್ರವಿದೆ. ಮಗ ವರ್ಕ್‌ಶಾಪಿಗೆ ಸೇರಿದನೆಂದು ತಾಯಿ ಪ್ರೀತಿಯಿಂದ ದಪ್ಪನೆಯ ಕೈಗವಸು ಕೊಡಿಸಿದರೆ, ಲೇತ್ ಅಥವಾ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ಅದು ರಕ್ಷಣೆಯಲ್ಲ, ಉರುಳು. ಬರಿಗೈಗೆ ತಿರುಗುವ ಡ್ರಿಲ್ ತಾಗಿದರೆ ಗಾಯವಾದೀತು. ಗವಸಿಗೆ ತಾಗಿದರೆ ಅದು ಗವಸನ್ನು ಸುತ್ತಿಕೊಂಡು ಒಳಗಿನ ಕೈಯನ್ನೂ ಎಳೆದೊಯ್ಯುತ್ತದೆ. ಬೆರಳುಗಳನ್ನು ಮಡಚುವ ಬಲವಾದ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಮುಂಗೈಯಲ್ಲಿ. ಅಲ್ಲಿಂದ ಹೊರಟ ಹಗ್ಗದಂಥ ಸ್ನಾಯುರಜ್ಜುಗಳು ಬೆರಳನ್ನು ಆಡಿಸುತ್ತವೆ. ಬೆರಳು ಕತ್ತರಿಸಿಹೋಗುವುದಕ್ಕಿಂತ ಕಿತ್ತುಹೋಗುವುದು ಹೆಚ್ಚು ಕೆಟ್ಟದ್ದು. ರಜ್ಜು, ನರ, ರಕ್ತನಾಳ ಎಲ್ಲವೂ ಉದ್ದಕ್ಕೆ ಹರಿದಿರುವುದರಿಂದ ವೈದ್ಯರಿಗೆ ಜೋಡಿಸುವುದು ಕಷ್ಟ. ಬಿಸಿ ಜಾಬ್ ಎತ್ತಲು, ಚೂಪಾದ ತಗಡು ಸಾಗಿಸಲು ಗವಸು ಬೇಕು. ತಿರುಗುವ ಯಂತ್ರದ ಮುಂದೆ ಬೇಡ.

ಗವಸಿಗೆ ಹೇಳಿದ್ದೇ ಉಂಗುರ, ವಾಚು, ಕೈಗೆ ಕಟ್ಟಿದ ದಾರ, ಕೊರಳಿಗೆ ಹಾಕಿದ ಗುರುತಿನ ಚೀಟಿಯ ಪಟ್ಟಿ, ದುಪಟ್ಟಾ, ಬಿಟ್ಟ ಕೂದಲು - ಎಲ್ಲಕ್ಕೂ ಅನ್ವಯಿಸುತ್ತದೆ. ಇದೇನು ಓದಿಲ್ಲದವರಿಗೆ ಆಗುವ ಅನಾಹುತ ಎಂದುಕೊಳ್ಳಬೇಡಿ. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಸಿದ್ಧ ಯೇಲ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಒಬ್ಬಳೇ ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ಲೇತಿನ ಮೇಲೆ ಕೆಲಸ ಮಾಡುತ್ತಿದ್ದಾಗ ಕೂದಲು ಸಿಕ್ಕಿ ಪ್ರಾಣ ಕಳೆದುಕೊಂಡಳು. ಆ ಲೇತಿಗೆ ತಕ್ಕ ರಕ್ಷಣಾ ವ್ಯವಸ್ಥೆ ಇರಲಿಲ್ಲವೆಂದು ಅಲ್ಲಿನ ಸರ್ಕಾರಿ ಸುರಕ್ಷತಾ ಇಲಾಖೆ ಬಳಿಕ ಹೇಳಿತು. ಬುದ್ಧಿವಂತಿಕೆಗೆ ಅಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಗಾರ್ಡಿಗೆ, ಮತ್ತು ಸ್ವಿಚ್ ಆರಿಸಲು ಪಕ್ಕದಲ್ಲಿ ಇನ್ನೊಬ್ಬರಿಗೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಗಡುವು ಬಂದಾಗ ರಾತ್ರಿಯೆಲ್ಲ ವರ್ಕ್‌ಶಾಪಿನಲ್ಲಿ ಕಳೆಯುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ದಿನಕ್ಕೆ 4,800 ಸಲ

ಲೇತಿಗಿಂತಲೂ ಹೆಚ್ಚು ಬೆರಳು ತಿನ್ನುವ ಯಂತ್ರ ಒಂದಿದೆ. ಅದು ಪವರ್ ಪ್ರೆಸ್. ತಗಡನ್ನು ಡೈ ಮೇಲೆ ಇಡುವುದು, ಪೆಡಲ್ ಒತ್ತುವುದು, ಮೇಲಿನಿಂದ ಪಂಚ್ ಬಂದು ಬಡಿಯುವುದು, ಆಕಾರ ಪಡೆದ ತುಣುಕನ್ನು ತೆಗೆಯುವುದು - ಇಷ್ಟೇ ಕೆಲಸ. ನೋಡಲು ಸುಲಭ. ಕಲಿಯಲು ಅರ್ಧ ಗಂಟೆ ಸಾಕು. ಆದ್ದರಿಂದಲೇ ಹೊಸದಾಗಿ ಬಂದ ಹೆಲ್ಪರ್ ಹುಡುಗನನ್ನು ಎಷ್ಟೋ ಕಡೆ ಮೊದಲು ಕೂರಿಸುವುದು ಇದರ ಮುಂದೆ.

ಹಳೆಯ ಮಾದರಿಯ ಪ್ರೆಸ್ಸಿನಲ್ಲಿ ಒಂದು ದೊಡ್ಡ ಗಾಲಿ ಸದಾ ತಿರುಗುತ್ತಿರುತ್ತದೆ. ಅದೇ ಫ್ಲೈವೀಲ್. ಮೋಟಾರು ಸಣ್ಣದೇ ಇದ್ದರೂ ಗಾಲಿ ತಿರುಗುತ್ತಾ ತಿರುಗುತ್ತಾ ಚಲನಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಪೆಡಲ್ ಒತ್ತಿದಾಗ ಅದನ್ನೆಲ್ಲ ಒಂದೇ ಏಟಿಗೆ ಸುರಿಯುತ್ತದೆ. ಇಂಥ ಪ್ರೆಸ್ಸುಗಳ ಕ್ಲಚ್ ಒಮ್ಮೆ ಹಿಡಿದರೆ ಪೂರ್ತಿ ಒಂದು ಸುತ್ತು ಮುಗಿಯುವತನಕ ಬಿಡುವುದಿಲ್ಲ. ನಡುವೆ ನಿಲ್ಲಿಸುವ ಮಾತೇ ಇಲ್ಲ. ಸ್ವಿಚ್ ಆರಿಸಿದರೂ ಗಾಲಿಯಲ್ಲಿ ಶಕ್ತಿ ಉಳಿದೇ ಇರುತ್ತದೆ. ಕ್ಲಚ್ಚಿನ ಕೀಲು, ಸ್ಪ್ರಿಂಗ್ ಸವೆದಿದ್ದರೆ ಒಂದು ಸಲ ಒತ್ತಿದ್ದಕ್ಕೆ ಎರಡು ಸಲ ಬಡಿಯುವುದೂ ಉಂಟು. ಎರಡನೆಯ ಏಟು ಬೀಳುವ ಹೊತ್ತಿಗೆ ತುಣುಕು ತೆಗೆಯಲೆಂದು ಕೈ ಒಳಗೆ ಹೋಗಿರುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಆರು ಸೆಕೆಂಡಿಗೊಂದು ತುಣುಕು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಹತ್ತು, ಗಂಟೆಗೆ 600, ಎಂಟು ಗಂಟೆಯ ಪಾಳಿಗೆ 4,800. ಅಂದರೆ ಅಷ್ಟು ಸಲ ಕೈ ಡೈಯೊಳಗೆ ಹೋಗಿ ಬರಬೇಕು. 4,799 ಸಲ ಹುಷಾರಾಗಿದ್ದು ಒಂದೇ ಒಂದು ಸಲ ಮನಸ್ಸು ಅತ್ತ ಹೋದರೂ ಮುಗಿಯಿತು. ಪರೀಕ್ಷೆಯಲ್ಲಿ ನೂರಕ್ಕೆ 99 ತೆಗೆದ ವಿದ್ಯಾರ್ಥಿಯನ್ನು ಊರೆಲ್ಲ ಹೊಗಳುತ್ತದೆ. ಇಲ್ಲಿ 4,800ಕ್ಕೆ 4,799 ಬಂದರೂ ನಪಾಸು. ಯಾವ ಮನುಷ್ಯನಿಂದಲೂ ಕೇಳಬಾರದ ಅಂಕ ಇದು.

ಪರಿಹಾರ ಇಲ್ಲವೇ? ಇದೆ, ಮತ್ತು ಹೊಸದೇನೂ ಅಲ್ಲ. ಡೈ ಸುತ್ತ ಬೆರಳು ತೂರದಷ್ಟು ಕಿರಿದಾದ ಸಂದಿ ಬಿಟ್ಟು ಸ್ಥಿರ ಗಾರ್ಡ್ ಹಾಕುವುದು ಒಂದು. ತುಣುಕನ್ನು ಕೈಯಿಂದಲ್ಲದೆ ಚಿಮಟದಿಂದಲೋ ಅಯಸ್ಕಾಂತದಿಂದಲೋ ಇಟ್ಟು ತೆಗೆಯುವುದು ಇನ್ನೊಂದು. ಪೆಡಲ್ ತೆಗೆದು, ದೂರ ದೂರ ಇಟ್ಟ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಓಡುವಂತೆ ಮಾಡುವುದು ಮೂರನೆಯದು. ಎರಡೂ ಕೈ ಹೊರಗಿದ್ದ ಮೇಲೆ ಡೈಯೊಳಗೆ ಸಿಗಲು ಏನೂ ಇರುವುದಿಲ್ಲ. ಹೊಸ ಪ್ರೆಸ್ಸುಗಳಲ್ಲಿ ಬೆಳಕಿನ ಪರದೆ ಇರುತ್ತದೆ. ಕೈ ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ. ಇದಕ್ಕೂ ಲೆಕ್ಕವಿದೆ. ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಚಾಚಬಲ್ಲದೆಂದು ಹಿಡಿದರೆ, ನಿಲ್ಲಲು ಸೆಕೆಂಡಿನ ಐದನೇ ಒಂದು ಭಾಗ ತೆಗೆದುಕೊಳ್ಳುವ ಪ್ರೆಸ್ಸಿಗೆ ಪರದೆಯನ್ನು ಕನಿಷ್ಠ 40 ಸೆಂಟಿಮೀಟರ್ ದೂರದಲ್ಲಿ ಇಡಬೇಕು. ನಡುವೆ ನಿಲ್ಲಲಾರದ ಹಳೆಯ ಪ್ರೆಸ್ಸಿಗೆ ಈ ಪರದೆ ಹಾಕಿದರೆ ಪ್ರಯೋಜನವಿಲ್ಲ, ಅಲ್ಲಿ ಗಟ್ಟಿ ಗಾರ್ಡೇ ಗತಿ.

ದೆಹಲಿ ಸಮೀಪದ ಗುರುಗ್ರಾಮ, ಮಾನೇಸರ ಭಾಗದಲ್ಲಿ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಗಾಯಗೊಂಡವರ ಜೊತೆ ಕೆಲಸ ಮಾಡುತ್ತ, 2019ರಿಂದ ವರದಿಗಳನ್ನು ಹೊರತರುತ್ತಿದೆ. ಬೆರಳು ಜಜ್ಜಿಹೋಗುವುದಕ್ಕೆ ಪವರ್ ಪ್ರೆಸ್ಸೇ ಅಲ್ಲಿ ದೊಡ್ಡ ಕಾರಣ, ಗಾಯಾಳುಗಳಲ್ಲಿ ಹೆಚ್ಚಿನವರು ಹೊರರಾಜ್ಯಗಳಿಂದ ಬಂದ ಯುವಕರು ಎಂಬುದು ಆ ವರದಿಗಳ ಸಾರ. ಪೀಣ್ಯದಲ್ಲೂ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು ನಮ್ಮ ಹುಡುಗರ ಪಕ್ಕದಲ್ಲೇ ನಿಂತು ದುಡಿಯುತ್ತಾರೆ. ಯಂತ್ರಕ್ಕೆ ಊರು, ಭಾಷೆಗಳ ಭೇದವಿಲ್ಲ.

ಇದ್ದ ಗಾರ್ಡ್ ಎಲ್ಲಿ ಹೋಯಿತು?

ಗಾರ್ಡ್ ಇಲ್ಲದ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳಿಗೆ ಕೊಂಡಾಗ ಗಾರ್ಡ್ ಇತ್ತು. ಈಗ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಡೈ ಬದಲಿಸುವಾಗ ಕಳಚಿದ್ದು, ಮತ್ತೆ ಹಾಕಲಿಲ್ಲ. ಹಾಕಿದರೆ ತುಣುಕಿಗೆ ಒಂದು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಟಾರ್ಗೆಟ್ ಮುಟ್ಟುವುದಿಲ್ಲ. ಎರಡು ಗುಂಡಿಗಳಲ್ಲಿ ಒಂದನ್ನು ಬೆಣೆ ಇಟ್ಟು ಒತ್ತಿಹಿಡಿದರೆ ಇನ್ನೊಂದು ಕೈ ಬಿಡುವಾಗುತ್ತದೆ. ಸಿಎನ್‌ಸಿ ಲೇತಿನ ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು, ಆದರೆ ಆ ಸ್ವಿಚ್ಚಿಗೆ ಅಡ್ಡದಾರಿ ಮಾಡಿದರೆ ಬಾಗಿಲು ತೆರೆದೇ ಓಡಿಸಬಹುದು. ಇದನ್ನು ಮಾಡುವವನು ಕೆಲವೊಮ್ಮೆ ಮಾಲೀಕ, ಕೆಲವೊಮ್ಮೆ ಸೆಟ್ಟರ್, ಕೆಲವೊಮ್ಮೆ ಆಪರೇಟರನೇ. ತುಣುಕಿನ ಲೆಕ್ಕದಲ್ಲಿ ಕೂಲಿ ಎಣಿಸುವ ಕಡೆ, ಗಾರ್ಡ್ ತೆಗೆದವನಿಗೆ ಸಂಜೆಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ. ಹಾಗಿರುವಾಗ 'ಅವನದೇ ತಪ್ಪು' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಸಣ್ಣ ಶೆಡ್ಡಿನ ಮಾಲೀಕನ ಕಷ್ಟವೂ ಸುಳ್ಳಲ್ಲ. ದೊಡ್ಡ ಕಂಪೆನಿ ಬಿಡಿಭಾಗಕ್ಕೆ ಕೊಡುವ ದರದಲ್ಲಿ ಪೈಸೆ ಪೈಸೆಗೂ ಚೌಕಾಸಿ ಮಾಡುತ್ತದೆ. ಗಾರ್ಡಿನಿಂದ ನಷ್ಟವಾಗುವ ಒಂದು ಸೆಕೆಂಡಿನ ಬೆಲೆಯನ್ನು ಆ ದರದಲ್ಲಿ ಯಾರೂ ಸೇರಿಸಿರುವುದಿಲ್ಲ.

ಕಾನೂನು ಈ ಮಾತನ್ನು ಬಹಳ ಹಿಂದೆಯೇ ಯೋಚಿಸಿದೆ. ಬ್ರಿಟನ್ನಿನ 1844ರ ಕಾಯಿದೆ ಗಿರಣಿಯ ಯಂತ್ರಗಳಿಗೆ ಬೇಲಿ ಹಾಕಬೇಕೆಂದಿತು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 21ನೇ ಕಲಮು ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಕಾವಲು ಇರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ಅಲ್ಲೇ ಇರಬೇಕು ಎಂದಿತ್ತು. ಬ್ರಿಟನ್ನಿನಲ್ಲಿ ಗ್ರೈಂಡಿಂಗ್ ಚಕ್ರಕ್ಕೆ ಹೆಬ್ಬೆರಳು ತಾಗಿ ಗಾಯಗೊಂಡ ಫಿಟ್ಟರನೊಬ್ಬನ ಮೊಕದ್ದಮೆ 1955ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠದವರೆಗೂ ಹೋಯಿತು. ಪೂರ್ತಿ ಮುಚ್ಚಿದರೆ ಚಕ್ರ ಬಳಸುವುದಕ್ಕೇ ಬರುವುದಿಲ್ಲ ಎಂದು ಕಂಪೆನಿ ವಾದಿಸಿತು. ಅದು ನೆಪವಾಗದು, ಕಾವಲಿನ ಹೊಣೆ ಹೊಣೆಯೇ ಎಂದು ನ್ಯಾಯಾಧೀಶರು ತೀರ್ಪಿತ್ತರು.

ಈಗ ನಮ್ಮ ಕಾನೂನಿನ ರೂಪ ಬದಲಾಗಿದೆ. 1948ರ ಕಾಯಿದೆಯ ಜಾಗದಲ್ಲಿ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಇದರಲ್ಲಿ ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವಿದೆ. ಪ್ರಾಣಕ್ಕೋ ಅಂಗಾಂಗಕ್ಕೋ ತಕ್ಷಣದ ಅಪಾಯವಿದೆ ಎನಿಸಿದರೆ ಅದನ್ನು ಮಾಲೀಕರ ಮತ್ತು ಸರ್ಕಾರಿ ಪರಿವೀಕ್ಷಕರ ಗಮನಕ್ಕೆ ತರುವ ಹಕ್ಕೂ ಇದೆ. ಇವು ಒಳ್ಳೆಯವು. ಆದರೆ ಮತ್ತೊಂದು ಬದಲಾವಣೆಯನ್ನು ಪೀಣ್ಯಕ್ಕೆ ಮಗನನ್ನು ಕಳಿಸುವವರು ತಿಳಿದಿರಬೇಕು. ಹಿಂದೆ ವಿದ್ಯುತ್ ಬಳಸಿ ಹತ್ತು ಜನ ದುಡಿಯುವ ಜಾಗವನ್ನು ಕಾನೂನು 'ಕಾರ್ಖಾನೆ' ಎನ್ನುತ್ತಿತ್ತು. ಈಗ ಆ ಸಂಖ್ಯೆ ಇಪ್ಪತ್ತು. ಎಂಟು ಹತ್ತು ಜನರಿರುವ ಶೆಡ್ಡುಗಳೇ ತುಂಬಿರುವ ಪ್ರದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಶೆಡ್ಡಿನಲ್ಲಿ ಆಳುಗಳು ಎಷ್ಟು ಮಂದಿ ಎಂದು ಲೇತಿಗೆ ಗೊತ್ತಾಗುವುದಿಲ್ಲ. ಇಪ್ಪತ್ತೊಂದು ಜನರಿರುವಲ್ಲಿ ಎಷ್ಟು ಜೋರಾಗಿ ತಿರುಗುತ್ತದೋ ಏಳು ಜನರಿರುವಲ್ಲೂ ಅಷ್ಟೇ.

ಬೆರಳಿಗೆ ಎಷ್ಟು ಶೇಕಡಾ?

ಕಾರ್ಮಿಕರ ಪರಿಹಾರದ ಕಾನೂನಿಗೆ ಒಂದು ಪಟ್ಟಿ ಜೋಡಿಸಿದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡಾ 30 ನಷ್ಟ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳಿಗೋ ಕಿರುಬೆರಳಿಗೋ 7. ಒಂದು ಕೈಯ ನಾಲ್ಕು ಬೆರಳೂ ಹೋದರೆ 50. ಮನುಷ್ಯನ ದೇಹದಲ್ಲಿರುವ 206 ಮೂಳೆಗಳಲ್ಲಿ 54 ಇರುವುದು ಎರಡು ಕೈಗಳಲ್ಲೇ. ಟರ್ನರ್ ಆದವನು ಮೈಕ್ರೊಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗ ಅಳೆಯುವುದು ಹೆಬ್ಬೆರಳು, ತೋರುಬೆರಳಿನ ಸೂಕ್ಷ್ಮದಿಂದ. ಅವನ ಪಾಲಿಗೆ ಆ 30, ಆ 14 ಯಾವ ಲೆಕ್ಕ? ನಮ್ಮ ಸುಪ್ರೀಂ ಕೋರ್ಟ್ 1975ರಲ್ಲಿ, ಎಡಗೈ ಮೊಣಕೈ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಇದನ್ನೇ ಹೇಳಿತು. ಒಂದು ಕೈಯಿಂದ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದಿತು.

ಇಎಸ್‌ಐ ವಿಮೆ ಇದ್ದವರಿಗೆ ಬೇರೆ ದಾರಿ. ಗಾಯವಾಗಿ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇಕಡಾ 90, ಅಂಗ ಶಾಶ್ವತವಾಗಿ ಊನವಾದರೆ ವೈದ್ಯಕೀಯ ಮಂಡಳಿ ನಿಗದಿ ಮಾಡಿದ ಪ್ರಮಾಣದಲ್ಲಿ ಜೀವನಪೂರ್ತಿ ತಿಂಗಳ ಹಣ. ಕೆಲಸದ ಅಪಘಾತಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕೆಂಬ ಷರತ್ತಿಲ್ಲ. ಮೊದಲ ದಿನವೇ ಗಾಯವಾದರೂ ಹಕ್ಕು ಉಂಟು. ಅಪ್ರೆಂಟಿಸ್ ಕಾಯಿದೆಯಡಿ ಒಪ್ಪಂದ ಮಾಡಿಕೊಂಡು ಸೇರಿದ ವಿದ್ಯಾರ್ಥಿ ಇಎಸ್‌ಐಗೆ ಸೇರುವುದಿಲ್ಲ, ಆದರೆ ಅವನಿಗೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು. ತೊಂದರೆ ಆಗುವುದು ಒಪ್ಪಂದವೂ ಇಲ್ಲದ, ಇಎಸ್‌ಐ ಸಂಖ್ಯೆಯೂ ಇಲ್ಲದ, ಬಾಯಿಮಾತಿನ 'ಟ್ರೈನಿ'ಗೆ. ಅವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದೆ' ಎಂದು ಹೇಳು ಎಂದು ಯಾರಾದರೂ ಕಿವಿಯಲ್ಲಿ ಉಸುರಿದರೆ ಖಂಡಿತ ಒಪ್ಪಬೇಡಿ. ಆ ಒಂದು ಸುಳ್ಳು ಮುಂದಿನ ಎಲ್ಲ ಹಕ್ಕನ್ನೂ ಕಸಿಯುತ್ತದೆ.

ಮೊದಲ ದಿನದ ಪಾಠ

ಹಾಗಾದರೆ ಏನು ಮಾಡಬೇಕು? ಈ ಕೆಲಸವೇ ಬೇಡ ಎನ್ನುವುದು ಉತ್ತರವಲ್ಲ. ಒಳ್ಳೆಯ ಟೂಲ್ ಮೇಕರ್‌ಗೆ ಎಲ್ಲಿ ಹೋದರೂ ಗೌರವವಿದೆ, ಅನ್ನವಿದೆ. ಕಲಿಯುವಾಗಲೇ ಸರಿಯಾಗಿ ಕಲಿಯಬೇಕು, ಅಷ್ಟೇ.

ವಿದ್ಯಾರ್ಥಿಗಳೇ, ಯಾವ ಯಂತ್ರವಾದರೂ ಸರಿ, ಓಡಿಸುವುದಕ್ಕೆ ಮೊದಲು ನಿಲ್ಲಿಸುವುದನ್ನು ಕಲಿಯಿರಿ. ಕೆಂಪು ಗುಂಡಿ ಎಲ್ಲಿದೆ, ಕಣ್ಣು ಮುಚ್ಚಿಕೊಂಡೂ ಕೈಗೆ ಸಿಗುತ್ತದೆಯೇ ನೋಡಿ. ಚಕ್ಕಿನಲ್ಲಿ ಕೀಲಿ ಇರುವಷ್ಟು ಹೊತ್ತು ಕೈ ಕೀಲಿಯ ಮೇಲೇ ಇರಲಿ. ಕೈ ತೆಗೆಯುವುದಾದರೆ ಕೀಲಿಯನ್ನೂ ತೆಗೆಯಿರಿ. ಮರೆತು ಸ್ವಿಚ್ ಹಾಕಿದರೆ ಅದು ಕವಣೆಕಲ್ಲಿನಂತೆ ಹಾರುತ್ತದೆ. ಡ್ರಿಲ್ ಮಾಡುವ ತುಣುಕನ್ನು ಕೈಯಲ್ಲಿ ಹಿಡಿಯಬೇಡಿ, ವೈಸಿನಲ್ಲಿ ಬಿಗಿಯಿರಿ. ಲೇತಿನಿಂದ ಸುರುಳಿ ಸುರುಳಿಯಾಗಿ ಬರುವ ಲೋಹದ ಸಿಪ್ಪೆ ಬ್ಲೇಡಿನಷ್ಟು ಚೂಪು, ಮುಟ್ಟಿದರೆ ಸುಡುವಷ್ಟು ಬಿಸಿ. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ, ಬ್ರಷ್ಷಿನಿಂದ ತೆಗೆಯಿರಿ. ಗ್ರೈಂಡಿಂಗ್ ಚಕ್ರಕ್ಕೂ ಅದರ ಮುಂದಿನ ಆಸರೆಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ಹೊಸ ಚಕ್ರ ಹಾಕುವ ಮೊದಲು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಬಿರುಕು ಬಿಟ್ಟಿದೆ. ಸ್ವಿಚ್ ಹಾಕಿದ ಮೇಲೆ ಮೊದಲ ಒಂದು ನಿಮಿಷ ಚಕ್ರದ ಎದುರಿಗಲ್ಲ, ಪಕ್ಕಕ್ಕೆ ನಿಲ್ಲಿ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಅಷ್ಟಾದರೂ ಬೆರಳು ತುಂಡಾಯಿತೆನ್ನಿ. ಮೊದಲು ಯಂತ್ರ ನಿಲ್ಲಿಸಿ, ಮೇನ್ ಆರಿಸಿ. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ, ಕೈಯನ್ನು ಮೇಲಕ್ಕೆತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಿ. ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬಾರದು, ನೀರಿನಲ್ಲಿ ಮುಳುಗಿಸಲೂ ಬಾರದು. 108ಕ್ಕೆ ಕರೆ ಮಾಡಿ. ಕೆಲವೇ ಗಂಟೆಗಳೊಳಗೆ ಸರಿಯಾದ ಆಸ್ಪತ್ರೆ ಮುಟ್ಟಿದರೆ ಮರುಜೋಡಣೆಯ ಸಾಧ್ಯತೆ ಇರುತ್ತದೆ. ಈ ನಾಲ್ಕು ಸಾಲನ್ನು ಬರೆದು ವರ್ಕ್‌ಶಾಪಿನ ಗೋಡೆಗೆ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ತಂದೆ ತಾಯಂದಿರಿಗೆ ಒಂದು ಮಾತು. 'ಮೇಲಿನವರು ಹೇಳಿದ್ದನ್ನು ಮಾಡು, ಎದುರು ಮಾತಾಡಬೇಡ' ಎಂದು ಹೇಳಿಯೇ ನಾವು ಮಕ್ಕಳನ್ನು ಕೆಲಸಕ್ಕೆ ಕಳಿಸುತ್ತೇವೆ. ವಿನಯ ಒಳ್ಳೆಯದೇ. ಆದರೆ ಗಾರ್ಡ್ ಇಲ್ಲದ ಪ್ರೆಸ್ಸಿನ ಮುಂದೆ ಕೂರು ಎಂದಾಗ 'ಸಾರ್, ಗಾರ್ಡ್ ಹಾಕಿಸಿ, ಆಮೇಲೆ ಕೂರುತ್ತೇನೆ' ಎನ್ನಲು ಹದಿನೆಂಟರ ಹುಡುಗನಿಗೆ ಧೈರ್ಯ ಬರುವುದು, ಕೆಲಸ ಬಿಟ್ಟು ಬಂದರೂ ಮನೆಯಲ್ಲಿ ಬಯ್ಯುವುದಿಲ್ಲ ಎಂಬ ನಂಬಿಕೆ ಇದ್ದಾಗ ಮಾತ್ರ. ಆ ನಂಬಿಕೆಯನ್ನು ಬಸ್ಸು ಹತ್ತಿಸುವ ಮೊದಲೇ ಕೊಡಿ. ಸೇರಿದ ವಾರದಲ್ಲಿ ನೇಮಕಾತಿ ಪತ್ರ ಬಂತೇ, ಇಎಸ್‌ಐ ಸಂಖ್ಯೆಯೋ ಅಪ್ರೆಂಟಿಸ್ ಒಪ್ಪಂದವೋ ಆಯಿತೇ, ಯಾವ ಯಂತ್ರದ ಮೇಲೆ ಕೂರಿಸಿದ್ದಾರೆ, ಯಾರು ಕಲಿಸಿಕೊಟ್ಟರು ಎಂದು ಫೋನಿನಲ್ಲಿ ಕೇಳಿ. ಕೇಳಿಯೂ ಸರಿಹೋಗದಿದ್ದರೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಎಂಬುದೊಂದು ನಮ್ಮ ರಾಜ್ಯದಲ್ಲಿದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅದರ ಕಚೇರಿ. ಒಂದು ಕಾಗದ ಬರೆಯಿರಿ.

ಮಾಲೀಕರಿಗೂ ಒಂದು ಸಲಹೆ ಇದೆ. ಆಯುಧಪೂಜೆಯ ದಿನ ಪೀಣ್ಯದ ಶೆಡ್ಡು ಶೆಡ್ಡಿನಲ್ಲೂ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಾರೆ. ವರ್ಷವಿಡೀ ಅನ್ನ ಕೊಟ್ಟ ಯಂತ್ರಕ್ಕೆ ಕೃತಜ್ಞತೆ ಸಲ್ಲಿಸುವ ಚೆಂದದ ಪದ್ಧತಿ ಅದು. ಹಿಂದಿನ ದಿನ ಶುಚಿ ಮಾಡುವಾಗ ಮೂಲೆಯಲ್ಲಿ ಬಿದ್ದಿರುವ ಗಾರ್ಡುಗಳೂ ಸಿಗುತ್ತವಲ್ಲ? ಅವನ್ನೂ ತೊಳೆದು, ಬೋಲ್ಟ್ ಹಾಕಿ ಬಿಗಿದು, ಆಮೇಲೆ ಹಾರ ಹಾಕಿ. ಮರುದಿನ ಹಾರ ತೆಗೆಯುವಾಗ ಗಾರ್ಡನ್ನು ತೆಗೆಯದಿದ್ದರೆ ಸಾಕು.